ಚೌಕಾಶಿ ಮಾಡದ ಗಿರಾಕಿಗಳು

ಅತ್ತೆಯ ಮೊಣಕೈಯ ಮೇಲೆ ಮೀನಿನ ಹುರುಪೆ ಒಂದೆರಡಾದರೂ ಅಂಟಿ ಒಣಗಿರುತ್ತಿದ್ದವು. ಮದುವೆಮನೆಗೆ ರೇಷ್ಮೆ ಸೀರೆ ಉಟ್ಟು ಬಂದರೂ ಅಲ್ಲಿ ಮಿಣುಗುತ್ತಿದ್ದವು. ಅಪ್ಪನ ಅಕ್ಕ ಅವಳು, ಗಂಡ ಸತ್ತ ಮೇಲೆ ನಮ್ಮ ಮನೆಯಲ್ಲೇ ಇದ್ದವಳು. ಕುಂದಾಪುರದ ಮೀನು ಮಾರುಕಟ್ಟೆಯಲ್ಲಿ ಅವಳ ಗಂಟಲನ್ನು ಮೀರಿಸಿದವರಿರಲಿಲ್ಲ. ನನ್ನ ಕಾಲೇಜು ನಡೆದದ್ದು ಆ ಗಂಟಲಿನ ಮೇಲೆ.

ಎಡಗೈಯಲ್ಲಿ ಮೀನನ್ನು ಎತ್ತಿ ಹಿಡಿದು, ಬಲಗೈ ಹೆಬ್ಬೆರಳಿನಿಂದ ಕಿವಿರು ಅಗಲಿಸಿ ಒಳಗಿನ ಕೆಂಪು ತೋರಿಸುವಳು. ಯಾರಾದರೂ ತೀರ ಕಡಿಮೆಗೆ ಕೇಳಿದರೆ, "ಆ ರೇಟಿಗೆ ತಲಿ ಸಹ ಬತ್ತಿಲ್ಲೆ. ಮನಿಗ್ ಹೋಯ್ ಬಸಳೆ ತಿನ್ನಿ ಮಾರಾಯ್ರೆ!" ಎನ್ನುವಳು. ಬೈಸಿಕೊಂಡವರು ಒಂದಷ್ಟು ದೂರ ಹೋಗಿ ತಿರುಗಿ ಬರುವರು, ಅವಳೂ ಸ್ವಲ್ಪ ಇಳಿಸುವಳು. ನಮ್ಮ ಕಡೆ ಮೀನು ಕೊಳ್ಳುವುದೆಂದರೆ ಹೀಗೇ. ಹೇಳಿದ ಬೆಲೆ ಕೊಟ್ಟು ಒಯ್ದವನನ್ನು ನೋಡಿ ಮಾರಿದವರೇ ನಗುತ್ತಾರೆ.

ಒಂದು ಬೆಳಿಗ್ಗೆ ಬಂದರಿನಿಂದ ಮೀನು ತರುವಾಗ ಟೆಂಪೊದಿಂದ ಬಿದ್ದಳು. ತಲೆ ಡಾಂಬರಿಗೆ ಬಡಿಯಿತು. ಜೀವ ಉಳಿಯಿತು, ಎಡಗೈ ಮಾತ್ರ ಯಾರದೋ ಸಾಮಾನಿನಂತೆ ಮಡಿಲಲ್ಲಿ ಬಿದ್ದಿರುತ್ತಿತ್ತು. ಎಡಗಡೆ ಇಟ್ಟ ಲೋಟ ಅವಳ ಗಮನಕ್ಕೇ ಬರುತ್ತಿರಲಿಲ್ಲ. ಲೆಕ್ಕ, ನೆನಪು, ಸಿಟ್ಟು ಮೊದಲಿನಂತೆಯೇ ಇದ್ದವು. "ನಂಗ್ ಮತ್ತ್ ಮೀನ್ ಮಾರೂಕ್ ಹೋಯ್ಕ್" ಎಂಬುದೊಂದೇ ಹಟ.

ಬ್ರಹ್ಮಾವರದಾಚೆಯ ಆಸ್ಪತ್ರೆಗೆ ತಿಂಗಳುಗಟ್ಟಲೆ ಕರೆದೊಯ್ದೆ. ಟವೆಲ್ ಹಿಂಡುವುದು, ಕುರ್ಚಿಯಿಂದ ಏಳುವುದು, ಗೋಡೆಯ ಮೇಲೆ ಬೆರಳು ಹತ್ತಿಸುವುದು. ಆಮೇಲೆ ಕಣ್ಣಿಗೆ ದಪ್ಪ ಕನ್ನಡಕದಂಥದ್ದೊಂದನ್ನು ಕಟ್ಟಿದರು. ವಿ.ಆರ್. ಅಂತೆ. ಹಾಕಿಕೊಂಡವರಿಗೆ ಸುತ್ತಲೂ ಅಂಗಡಿಯೊಂದು ಕಾಣುತ್ತದೆ, ಎಡಗಡೆಯ ಕಪಾಟಿನಿಂದ ಹಣ್ಣು ಎತ್ತಿ ಬುಟ್ಟಿಗೆ ಹಾಕಬೇಕು. ನಮಗೂ ಅದೇ ನೋಟ ಪಕ್ಕದ ಪರದೆಯ ಮೇಲೆ ಕಾಣುತ್ತಿತ್ತು. ಅತ್ತೆ ಕೈ ಎತ್ತಲೇ ಇಲ್ಲ. "ಇದೆಂತ ಅಂಗ್ಡಿ? ಒಂದ್ ಜನವೂ ಮಾತಾಡುದಿಲ್ಲೆ!" ಎಂದು ಗೊಣಗಿದಳು.

ವ್ಯಾಯಾಮ ಮಾಡಿಸುವ ಹುಡುಗ ಬೈಂದೂರು ಕಡೆಯವನು, ಚುರುಕು. ಅವಳ ಎಡಕ್ಕೆ ಬಂದು ನಿಂತು, "ಅಮ್ಮ, ಈ ಬಂಗ್ಡಿ ನಿನ್ನೆದಲ್ದಾ? ವಾಸ್ನಿ ಬತ್ತಿತ್ತ್" ಎಂದ. ಪರದೆಯಲ್ಲಿದ್ದದ್ದು ಬಂಗುಡೆ ಮೀನಲ್ಲ, ಕಿತ್ತಳೆ. ಅತ್ತೆ ಕೆರಳಿ ಎಡಕ್ಕೆ ತಿರುಗಿದಳು.

"ನಿನ್ನೆದಾ? ಕಣ್ ಕಾಂತಿಲ್ಯಾ ನಿಂಗೆ? ಇಲ್ಲಿ ಕಾಣ್!"

ಎಡಗೈ ನಡುಗುತ್ತ ಮೇಲೆದ್ದಿತು. ಪರದೆಯಲ್ಲಿ ಕಿತ್ತಳೆಯೂ ಎದ್ದಿತು. ನಾನು ಅಳು ತಡೆಯಲಾರದೆ ಹೊರಗೆ ಹೋದೆ. ಮುಂದೆ ನಾವು ಹೋದಾಗಲೆಲ್ಲ ಆ ಹುಡುಗ ಅವಳೊಡನೆ ಜಗಳವಾಡಿದ. ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತೆ ಎಡಗೈಯಲ್ಲಿ ನಿಜವಾದ ಮೀನು ಹಿಡಿಯುವಂತಾದಳು.

ಮಾರುಕಟ್ಟೆಗೆ ಮರಳಿದಳು. ಅಲ್ಲಿನ ಹೆಂಗಸರು ಹಳೆಯ ಜಾಗ ಬಿಟ್ಟುಕೊಟ್ಟರು, ಕೂರಲು ಮಣೆ ಕೊಟ್ಟರು. ಚೌಕಾಶಿ ಮಾತ್ರ ಯಾರೂ ಮಾಡಲಿಲ್ಲ. ಅವಳು ವಾಡಿಕೆಯಂತೆ ಹೆಚ್ಚು ಹೇಳಿದಳು, ಇಳಿಸಲೆಂದೇ. ಗಿರಾಕಿಗಳು ಮುಖ ಮುಖ ನೋಡಿಕೊಂಡರು. "ಪಾಪ, ತಲಿಗ್ ಪೆಟ್ಟಾಯಿತ್ತಲ್ಲ" ಎಂದು ಕೆಲವರು ಹೇಳಿದಷ್ಟು ಕೊಟ್ಟು ಹೋದರು, ಉಳಿದವರು ಪಕ್ಕದವಳ ಬಳಿಗೆ ಸರಿದರು. ಅತ್ತೆ ಬೈದಳು. ಬೈದರೆ ನಕ್ಕು ತಲೆಯಾಡಿಸಿದರು. ಜನ್ಮವಿಡೀ ಅವಳೊಡನೆ ಗಂಟಲು ಹರಿದುಕೊಂಡ ಪಕ್ಕದವಳೂ, "ನೀ ಹೇಳಿದ್ದೇ ಸರಿ ಅಕ್ಕ" ಅಂದುಬಿಟ್ಟಳು. ಆ ಒಳ್ಳೆಯತನಕ್ಕೆ ಬೆಂಕಿ ಬೀಳಲಿ.

ಒಂದು ಮಧ್ಯಾಹ್ನ ತುಂಬಿದ ಬುಟ್ಟಿಯೊಡನೆ ಮನೆಗೆ ಬಂದಳು. "ಅಲ್ಲಿ ನಂಗೆಂತ ಕೆಲ್ಸ ಮಗಾ? ಬೈದ್ರೆ ತಿರ್ಗಿ ಬೈವರ್ ಒಬ್ರೂ ಇಲ್ಲೆ" ಎಂದಳು. ಮತ್ತೆ ಹೋಗಲಿಲ್ಲ. ವ್ಯಾಯಾಮವನ್ನೂ ಬಿಟ್ಟಳು. ನಾನೇ ಬಂಗುಡೆ ಹಿಡಿದು ಜಗಳಕ್ಕೆಳೆದರೆ, "ನೀ ನಾಟ್ಕ ಮಾಡ್ಬೇಡ" ಎಂದು ಗೋಡೆಯತ್ತ ಹೊರಳಿದಳು. ಕೈ ಮತ್ತೆ ಮಡಿಲಿಗೆ ಬಿತ್ತು, ಬೆರಳುಗಳು ಮುಚ್ಚಿಕೊಂಡವು. ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಳು.

ಮಾತಾಡಿಸಲು ಬಂದ ಮಾರುಕಟ್ಟೆಯ ಹೆಂಗಸರು ಅಂಗಳದಲ್ಲಿ ಕೂತು, "ಎಷ್ಟ್ ಪಾಪದ ಹೆಂಗ್ಸ್. ಒಂದ್ ಜೋರ್ ಮಾತಿಲ್ಲೆ" ಎಂದು ಕಣ್ಣೊರೆಸಿಕೊಂಡರು. ನನ್ನಿಂದ ತಡೆಯಲಾಗಲಿಲ್ಲ.

"ಸುಳ್ಳ್ ಹೇಳ್ಬೇಡಿ! ನಿಮ್ಗೆಲ್ಲ ಬೈದ ಬಾಯಿ ಅದ್. ನೀವ್ ತಿರ್ಗಿ ಬೈದಿದ್ರೆ ಅತ್ತೆ ಇವತ್ತಿಗೂ ಇರ್ತಿತ್ತ್!" ಎಂದು ಕೂಗಿದೆ.

ಅವರು ಎದ್ದು ಬಂದು ನನ್ನ ಬೆನ್ನು ಸವರಿದರು. "ಪಾಪ, ದುಃಖದಲ್ಲಿ ಎಂತ ಹೇಳ್ತಿತ್ತ್ ಅಂದೇಳಿ ಈ ಹೆಣ್ಣಿಗೇ ಗೊತ್ತಿಲ್ಲೆ" ಎಂದರು.