ವಿನೋದಕ್ಕ ಕಳಂಬೋಲಿಯಲ್ಲಿ ಇಳಿಯಲಿಲ್ಲ

ಡೊಂಬಿವಲಿಯಿಂದ ಪಡುಬಿದ್ರಿಗೆ ಹೋಗುವ ದಾರಿ ಹೇಗಿದೆ ಎಂದು ಕೇಳಿದರೆ ವಿನೋದಕ್ಕ "ಕಪ್ಪಗಿದೆ" ಎನ್ನುತ್ತಿದ್ದರು. ಮದುವೆಯಾಗಿ ಬಂದದ್ದು ರಾತ್ರಿ ಬಸ್ಸಿನಲ್ಲಿ. ಬಾಣಂತನಕ್ಕೆ ಹೋದದ್ದು ರಾತ್ರಿ ಬಸ್ಸಿನಲ್ಲಿ. ಕೊಂಕಣ ರೈಲು ಶುರುವಾದ ಮೇಲೆ ರಾತ್ರಿ ರೈಲಿನಲ್ಲಿ. ಹೋಟೆಲಿನವರು ಊರಿಗೆ ಹೊರಡುವುದು ಶಟರ್ ಎಳೆದ ಮೇಲೆಯೇ. ಹಗಲು ಹೊರಟರೆ ಒಂದು ದಿನದ ವ್ಯಾಪಾರ ಹೋಯಿತಲ್ಲ! ಹೀಗಾಗಿ ಮೂವತ್ತು ವರ್ಷ ಕರಾವಳಿಯ ಉದ್ದಕ್ಕೂ ಹೋಗಿ ಬಂದು ಮಾಡಿಯೂ ಆಕೆ ಕಂಡದ್ದು ಬಸ್ಸಿನ ನೀಲಿ ದೀಪ, ರೈಲಿನ ಮೇಲಿನ ಬರ್ತು, ಮತ್ತು ಗಂಡನ ಗೊರಕೆ. ಗೊರಕೆಯನ್ನು ಕಾಣಲಾಗುವುದಿಲ್ಲ ಎನ್ನುವವರು ಗುರುವಪ್ಪಣ್ಣನ ಜೊತೆ ಪ್ರಯಾಣ ಮಾಡಿಲ್ಲ.

ಗುರುವಪ್ಪಣ್ಣ ಒಳ್ಳೆಯವರು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಅವಕಾಶ ಸಿಗಲಿಕ್ಕಿಲ್ಲ. ಡೊಂಬಿವಲಿ ಪೂರ್ವದಲ್ಲಿ ಸ್ಟೇಷನ್ನಿಗೆ ಹತ್ತಿರ ಅವರದೊಂದು ಸಣ್ಣ ಹೋಟೆಲು. ಬೋರ್ಡಿನ ಮೇಲಿರುವುದು ಅವರ ತಂದೆಯ ಹೆಸರು, ಗಲ್ಲಾಪೆಟ್ಟಿಗೆಯ ಹಿಂದೆ ಕೂರುವುದು ಅವರು, ಬೆಳಗಿನ ಲೋಕಲ್ ಹಿಡಿಯುವ ಜನ ನಿಂತಲ್ಲೇ ನುಂಗುವ ಇಡ್ಲಿಯ ಹಿಟ್ಟು ವಿನೋದಕ್ಕನದು. ನಾನು ಅವರಿರುವ ವಸತಿ ಸೊಸೈಟಿಯಲ್ಲೇ ಅವರ ಎದುರು ಬಾಗಿಲಿನವನು, ವಿಜಯಪುರದ ಕಡೆಯವನು. ಆ ಇಡ್ಲಿಯಿಂದಾಗಿ ನನ್ನ ಪ್ಯಾಂಟುಗಳೆಲ್ಲ ಒಂದೊಂದಾಗಿ ನನ್ನನ್ನು ಬಿಟ್ಟುಹೋದವು.

ವಿನೋದಕ್ಕ ಗಾಡಿ ಕಲಿತದ್ದು ಐವತ್ತರ ಮೇಲೆ. ಕಲ್ಯಾಣದ ಮಾರುಕಟ್ಟೆಯಿಂದ ತೆಂಗಿನಕಾಯಿ, ತರಕಾರಿ ತರಲು ಹೋಟೆಲಿಗೆ ಒಂದು ಹಳೆಯ ವ್ಯಾನಿದೆ. ಅದನ್ನು ಓಡಿಸುವ ಕಲಬುರಗಿಯ ಬಾಲಪ್ಪನನ್ನು ಒಪ್ಪಿಸಿ, ಭಾನುವಾರಗಳಂದು ಕಾರ್ಖಾನೆಗಳ ನಡುವಿನ ಖಾಲಿ ರಸ್ತೆಗಳಲ್ಲಿ ಗುಟ್ಟಾಗಿ ಕಲಿತರು. ಗಾಳಿಯಲ್ಲಿ ರಾಸಾಯನಿಕದ ಘಾಟು, ಕಣ್ಣಲ್ಲಿ ನೀರು. "ಅಕ್ಕಾರ, ಕಣ್ಣು ಮುಚ್ಚಬ್ಯಾಡ್ರಿ" ಎಂದು ಬಾಲಪ್ಪ. "ನಾನೆಲ್ಲಿ ಮುಚ್ಚಿದೆ ಮಾರಾಯ, ಅದೇ ಮುಚ್ಚುದು" ಎಂದು ಇವರು. ಬಾಲಪ್ಪ ತಂಗಿಯ ಮದುವೆಗೆಂದು ಊರಿಗೆ ಹೋದಾಗ ಹೋಟೆಲಿಗೆ ತೆಂಗಿನಕಾಯಿ ನಿಂತುಹೋಗಬೇಕಿತ್ತು. ನಿಲ್ಲಲಿಲ್ಲ. ಬೆಳಿಗ್ಗೆ ಗುರುವಪ್ಪಣ್ಣ ಅಂಗಡಿ ಮುಂದೆ ಊದುಬತ್ತಿ ಹಿಡಿದು ನಿಂತಿದ್ದಾಗ ವ್ಯಾನ್ ಬಂದು ನಿಂತಿತು, ಚಾಲಕನ ಬಾಗಿಲಿನಿಂದ ಹೆಂಡತಿ ಇಳಿದರು. ಗುರುವಪ್ಪಣ್ಣ ಬಹಳ ಹೊತ್ತು ನೋಡಿ ಕೇಳಿದ್ದು ಒಂದೇ ಮಾತು: "ಕಾಯಿ ಒಡೆದಿಲ್ಲ ಅಲ್ವ?"

ಹೋದ ಡಿಸೆಂಬರಿನಲ್ಲಿ ಊರಿಗೆ ಹೋಗುವ ಮಾತು ಬಂದಾಗ ವಿನೋದಕ್ಕ ಹಿಟ್ಟಿನ ಕೈಯಲ್ಲೇ ಘೋಷಿಸಿದರು. "ಈ ಸಲ ಹಗಲು ಹೋಗುದು. ಸಮುದ್ರದ ಬದಿಯಿಂದ ಹೋಗುದು. ಗಾಡಿ ನಾನು ಬಿಡುದು."

ಉಲ್ಹಾಸನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನಾದಿನಿ ಮೋಹಿನಿ ಫೋನಿನಲ್ಲಿ ನಕ್ಕದ್ದು ನಮ್ಮ ಮನೆಗೂ ಕೇಳಿಸಿತು. "ಅತ್ತಿಗೆ, ನೀವು ಗಾಡಿ ಬಿಟ್ಟರೆ ಅಣ್ಣ ಎಂತ ಮಾಡುದು? ಪಕ್ಕದಲ್ಲಿ ಕೂತು ಕುಂಬಳಕಾಯಿ ಹಿಡ್ಕೊಳ್ಳುದಾ?"

"ಹಿಡ್ಕೊಳ್ಳಲಿ. ಅದಾದ್ರೂ ಹಿಡ್ಕೊಳ್ಳಲಿ" ಎಂದರು ವಿನೋದಕ್ಕ.

ಅವರ ದಾರಿ ಅವರ ತಲೆಯಲ್ಲಿ ತಯಾರಿತ್ತು. ಮೊದಲು ಠಾಣೆಯ ಬೆನ್ನಿಗೇ ಇರುವ ರಾಷ್ಟ್ರೀಯ ಉದ್ಯಾನದ ಯೇವೂರು ಕಾಡು. ಅಲ್ಲಿಂದ ನವಿ ಮುಂಬೈ ದಾಟಿ ಕರ್ನಾಳದ ಹಕ್ಕಿಗಳು. ಸಂಜೆ ಸೂರ್ಯ ಮುಳುಗುವುದರೊಳಗೆ ಕಾಶೀದದ ಕಡಲು. ಮರುದಿನ ಮುರುಡದ ಆಚೆ ಗಾಡಿಯನ್ನೇ ಹೊತ್ತು ಅಳಿವೆ ದಾಟಿಸುವ ದೋಣಿ, ಹಾಗೆಯೇ ದಂಡೆ ಹಿಡಿದು ರತ್ನಾಗಿರಿ, ಮಾಲ್ವಣ, ಗೋವಾ, ಕಾರವಾರದ ಕಾಳಿ ನದಿಯ ಕಾಡು. ಗುರುವಪ್ಪಣ್ಣ ಎಲ್ಲಕ್ಕೂ ಹೂಂ ಎಂದರು. ಷರತ್ತು ಎರಡು. ಊರೊಳಗೆ ಗಾಡಿ ತಾವೇ ಬಿಡುವುದು, ರಸ್ತೆ ಖಾಲಿ ಸಿಕ್ಕಲ್ಲಿ ಆಕೆಗೆ ಕೊಡುವುದು. ಠಾಣೆ ಜಿಲ್ಲೆಯಲ್ಲಿ ಖಾಲಿ ರಸ್ತೆ! ಎರಡನೆಯದು, ಲೈಸೆನ್ಸ್ ಇರುವ ಇನ್ನೊಬ್ಬ ಗಂಡಸು ಜೊತೆಗಿರಬೇಕು. ಆ ಗಂಡಸು ನಾನು. ನನ್ನ ಲೈಸೆನ್ಸಿಗೆ ಇಪ್ಪತ್ತು ವರ್ಷ. ಗಾಡಿ ಓಡಿಸಿದ್ದು ಅದನ್ನು ಪಡೆದ ದಿನ ಮಾತ್ರ. ಈ ಸಂಗತಿಯನ್ನು ಯಾರೂ ಕೇಳಲಿಲ್ಲ, ನಾನು ತೊಂದರೆ ಕೊಡಲಿಲ್ಲ.

ನಾಲ್ಕನೆಯವಳು ಅವರ ಮಗಳು ರಮಿತಾ. ತುಳು, ಕನ್ನಡ ಎರಡೂ ಅರ್ಥವಾಗುತ್ತವೆ, ಉತ್ತರ ಮಾತ್ರ ಹಿಂದಿಯಲ್ಲಿ.

ನಸುಕಿನಲ್ಲೇ ಯೇವೂರು ಮುಟ್ಟಿದೆವು. ಮರಗಳ ಕೆಳಗೆ ಇನ್ನೂ ಚಳಿಯಿತ್ತು. ವಿನೋದಕ್ಕ ಸೆರಗು ಹೊದ್ದು ಮುಂದೆ ನಡೆದರು. ಹಿಂದಿನಿಂದ ಗುರುವಪ್ಪಣ್ಣ, "ಇಷ್ಟು ದೊಡ್ಡ ಕಾಡು, ಒಂದು ಚಹಾ ಇಲ್ಲ" ಎಂದರು. ಅಷ್ಟರಲ್ಲಿ ಆಲದ ಮರದಿಂದ ಒಂದು ಮಂಗಟ್ಟೆ ಹಕ್ಕಿ ದೊಡ್ಡ ಕೊಕ್ಕನ್ನು ಹೊತ್ತುಕೊಂಡು ಹಾರಿತು. ವಿನೋದಕ್ಕ ಬಾಯಿ ತೆರೆದು ನಿಂತರು. ಅದು ಇನ್ನೊಂದು ಮರದ ಮೇಲೆ ಕೂರುವ ಮೊದಲೇ ಗುರುವಪ್ಪಣ್ಣನ ಫೋನ್ ಕೂಗಿತು.

"ಹಾಂ, ಹೊರಟೆವು ಹೊರಟೆವು! ವಿನೋದಾ, ಬಾ ಬಾ. ಐರೋಲಿಯಲ್ಲಿ ಕಾಯ್ತಾ ಇದ್ದಾರೆ."

"ಯಾರು?"

ಆಗ ಬಯಲಾಯಿತು. ಹೆಂಡತಿ ದಾರಿ ಹೇಳಿದಂತೆಲ್ಲ ಗುರುವಪ್ಪಣ್ಣ ಆ ದಾರಿಯಲ್ಲಿ ಹೋಟೆಲಿಟ್ಟ ನೆಂಟರಿಗೆ, ಊರವರಿಗೆ, ನೆಂಟರ ಊರವರಿಗೆ ಫೋನ್ ಮಾಡಿ "ಬರ್ತೇವೆ" ಎಂದಿದ್ದರು. ಆಕೆ ಸಮುದ್ರ ಕಂಡಲ್ಲೆಲ್ಲ ಅವರು ಹೋಟೆಲು ಕಂಡಿದ್ದರು. ಅವರನ್ನು ಬೈದು ಪ್ರಯೋಜನವಿಲ್ಲ. ಕರಾವಳಿಯ ಹೋಟೆಲಿನವರಲ್ಲಿ ಇದೊಂದು ಕಟ್ಟುಪಾಡು. ನಮ್ಮವರ ಹೋಟೆಲಿನ ಮುಂದೆ ಹಾದು ಒಳಗೆ ಹೋಗದೆ ಇದ್ದರೆ ಸತ್ತಾಗಲೂ ಆ ಮಾತು ಬರುತ್ತದೆ. ಒಳಗೆ ಹೋದ ಮೇಲೆ ಒಂದು ಕಾಫಿಗೆ ಮುಗಿಯುವುದಿಲ್ಲ. ಅಡುಗೆಮನೆಗೆ ನುಗ್ಗಿ ಹಿಟ್ಟಿಗೆ ಬೆರಳು ಅದ್ದಬೇಕು, ಚಟ್ನಿಯ ಕಾಯಿ ಎಲ್ಲಿಯದೆಂದು ಕೇಳಬೇಕು, ಯಾವ ಭಟ್ಟ ಓಡಿಹೋದ, ಯಾವನು ವಾಪಸ್ ಬಂದ ಎಂದು ವಿಚಾರಿಸಬೇಕು. ಎಲ್ಲ ತಿಂಡಿಯೂ ಒಂದೊಂದು ಪ್ಲೇಟು "ರುಚಿಗೆ" ಬರಬೇಕು. ಹೊರಡುವಾಗ ಪಾರ್ಸೆಲ್.

ಐರೋಲಿಯಲ್ಲಿ ನೀರುದೋಸೆ. ವಾಶಿಯಲ್ಲಿ ಬನ್ಸ್. ನೆರೂಳಿನಲ್ಲಿ ಊಟಕ್ಕೆ ಇನ್ನೂ ಹೊತ್ತಿದೆ ಎಂದು ಗೋಳಿಬಜೆ, ಖಾರಘರದಲ್ಲಿ ಹೊತ್ತಾಯಿತೆಂದು ಊಟ. ರಮಿತಾ ಪ್ರತಿ ಸಲವೂ "ಪಪ್ಪಾ, ಫಿರ್ ಸೇ?" ಎನ್ನುತ್ತ ಇಳಿದಳು. ನಾನೂ ಹಿಂದೆಯೇ ಇಳಿದೆ. ವಿನೋದಕ್ಕ ಪ್ರತಿ ಹೋಟೆಲಿನಲ್ಲೂ ನಕ್ಕು, "ಹೌದು, ಮಗಳು ದೊಡ್ಡವಳಾದಳು" ಎಂದು ಅದದೇ ಮಾತಾಡಿ, ಕಿಟಕಿಯಾಚೆ ಬಿಸಿಲು ಎಲ್ಲಿಗೆ ಬಂತು ಎಂದು ನೋಡಿದರು. ಅವರು ಮೂವತ್ತು ವರ್ಷ ಬಿಡದೆ ಕಂಡದ್ದು ಹೋಟೆಲನ್ನೇ. ರಜೆಯಲ್ಲಿ ಬಂದು ನೋಡುತ್ತಿರುವುದೂ ಅದನ್ನೇ. ಸ್ಟಿಯರಿಂಗ್ ಅವರ ಕೈಗೆ ಇನ್ನೂ ಬಂದಿರಲಿಲ್ಲ.

ಕಳಂಬೋಲಿಗೆ ಬಂದಾಗ ನೆರಳು ಉದ್ದವಾಗತೊಡಗಿತ್ತು. ಉಕ್ಕಿನ ಮಾರುಕಟ್ಟೆಯ ಹೊರಗೆ, ಕಬ್ಬಿಣದ ಸರಳು ಹೊತ್ತ ಟ್ರೇಲರುಗಳ ನಡುವೆ, ಗುರುವಪ್ಪಣ್ಣನ ಅಕ್ಕನ ಮಗ ವಿಕಾಸ್ ಹೊಸ ಹೋಟೆಲಿನ ಮೆಟ್ಟಿಲ ಮೇಲೆ ನಿಂತು ಎರಡೂ ಕೈ ಬೀಸುತ್ತಿದ್ದ. ಗುರುವಪ್ಪಣ್ಣ ಇಳಿದರು. ನಾನು ಪಕ್ಕಕ್ಕೆ ಜಾರಿಸುವ ಬಾಗಿಲು ಎಳೆಯತೊಡಗಿದೆ. ವಿನೋದಕ್ಕ ಕದಲಲಿಲ್ಲ.

"ಇಳಿ ವಿನೋದಾ. ಹುಡುಗ ಹೊಸದಾಗಿ ಶುರು ಮಾಡಿದ್ದಾನೆ."

"ನೀವು ಇಳಿದಿದ್ದೀರಲ್ಲ. ಸಾಕು."

"ಒಂದು ಕಾಫಿ ಮಾರಾಯ್ತಿ!"

"ಬೆಳಿಗ್ಗೆಯಿಂದ ಒಂದೇ ಕಾಫಿ ಇವರೇ, ಹೋಟೆಲು ಮಾತ್ರ ಬೇರೆ ಬೇರೆ. ಸೂರ್ಯ ನಿಮ್ಮ ಕಾಫಿಗೆ ಕಾಯ್ತಾನಾ?"

ವಿಕಾಸ್ ಓಡಿಬಂದ. "ಅತ್ತೆ, ಎಂತ ಅತ್ತೆ? ಹೊರಗಿಂದ ಹೋದರೆ ಜನ ಎಂತ ಹೇಳ್ತಾರೆ?"

"ನಿನ್ನ ಹೋಟೆಲು ಚಂದ ಉಂಟು ಮಗಾ, ಇಲ್ಲಿಂದಲೇ ಕಾಣ್ತದೆ. ವಾಪಸ್ ಬರುವಾಗ ಬರ್ತೇನೆ. ಇವತ್ತು ನನಗೆ ಸಮುದ್ರ ನೋಡ್ಲಿಕ್ಕುಂಟು."

"ಸಮುದ್ರ ಎಲ್ಲಿಗೂ ಹೋಗುದಿಲ್ಲ" ಎಂದರು ಗುರುವಪ್ಪಣ್ಣ, ಅಳಿಯನ ಮುಂದೆ ಸ್ವಲ್ಪ ಜೋರಾಗಿ.

"ಹೋಟೆಲೂ ಹೋಗುದಿಲ್ಲ. ನಾನು ಹೋಗ್ತೇನೆ."

ಹೀಗೆಂದು ವಿನೋದಕ್ಕ ಸೀರೆ ಸರಿಪಡಿಸಿಕೊಂಡು ಚಾಲಕನ ಸೀಟಿಗೆ ದಾಟಿದರು; ಕೀಲಿ ಅಲ್ಲೇ ನೇತಾಡುತ್ತಿತ್ತು. ರಮಿತಾ ಹಿಂದಿನಿಂದ ಜಿಗಿದು ಅಮ್ಮನ ಪಕ್ಕಕ್ಕೆ ಬಂದು ಕೂತಳು. "ಮಮ್ಮಿ, ಚಲೋ!" ನಾನು ನ್ಯಾಯವಾಗಿ ಗುರುವಪ್ಪಣ್ಣನ ಪಕ್ಷ ವಹಿಸಬೇಕಾಗಿತ್ತು, ಅವರೇ ಕರೆತಂದವರು. ಆದರೆ ಬಾಗಿಲು ಅರ್ಧಕ್ಕೆ ಸಿಕ್ಕಿಕೊಂಡಿತ್ತು; ನನ್ನ ಹೊಟ್ಟೆಯಲ್ಲಿ ಖಾರಘರದವರೆಗಿನ ಎಲ್ಲ ಹೋಟೆಲುಗಳಿದ್ದವು; ಆ ಸಂದಿಯಲ್ಲಿ ನಾನು ಹೊರಬೀಳುವ ಹಾಗಿರಲಿಲ್ಲ.

"ಅಲ್ರೀ ವಿನೋದಕ್ಕ, ಸ್ವಲ್ಪ ವಿಚಾರ ಮಾಡ್ರೀ" ಎಂದೆ.

"ನೀವು ಬಾಗಿಲು ಹಾಕಿ ಲಕ್ಷ್ಮೀಕಾಂತಣ್ಣ. ಗಾಳಿ ಬರ್ತದೆ."

"ಇವರೇ, ಹತ್ತುದಾದ್ರೆ ಹತ್ತಿ" ಎಂದು ಗಂಡನಿಗೂ ಕೊನೆಯ ಸಲ ಹೇಳಿದರು. ಗುರುವಪ್ಪಣ್ಣ ಮೆಟ್ಟಿಲ ಮೇಲೆ ಅಳಿಯನನ್ನು ನೋಡಿದರು, ಅಳಿಯನ ಹಿಂದೆ ಸಾಲಾಗಿ ನಿಂತ ಮಾಣಿಗಳನ್ನು ನೋಡಿದರು. ಅಷ್ಟು ಜನರ ಮುಂದೆ ಹೆಂಡತಿ ಬಿಡುವ ಗಾಡಿ ಹತ್ತುವುದು ಅವರಿಂದಾಗಲಿಲ್ಲ. ವ್ಯಾನ್ ಹೊರಟಿತು.

ಎದುರಿಗೆ ಟ್ರೇಲರುಗಳು, ಹಿಂದೆ ಟ್ರೇಲರುಗಳು. ಒಂದರ ಬಾಲದಿಂದ ಹೊರಚಾಚಿದ ಸರಳುಗಳಿಗೆ ಕೆಂಪು ಬಟ್ಟೆ ಕಟ್ಟಿತ್ತು. ಅದು ನಮ್ಮ ಗಾಜಿನ ಮುಂದೆಯೇ ಕುಣಿಯುತ್ತಿತ್ತು. ಒಬ್ಬ ಚಾಲಕ ಕಿಟಕಿಯಿಂದ ಬಾಗಿ ಏನೋ ಕೂಗಿದ. ವಿನೋದಕ್ಕ ಅದಕ್ಕಿಂತ ದೊಡ್ಡ ದನಿಯಲ್ಲಿ ಮರಾಠಿಯಲ್ಲಿ ಉತ್ತರ ಕೊಟ್ಟರು. ಕಲ್ಯಾಣದ ಮಾರುಕಟ್ಟೆಯಲ್ಲಿ ತರಕಾರಿಯ ಜೊತೆ ಇನ್ನೂ ಏನೇನು ಸಿಗುತ್ತದೆಂದು ನನಗೆ ಆಗ ತಿಳಿಯಿತು. ನಾನು ಮನೆದೇವರನ್ನು ನೆನೆದೆ. ಕಣ್ಣು ತೆರೆದಾಗ ಪನವೇಲ್ ಹಿಂದೆ ಬಿದ್ದಿತ್ತು.

ಸುದ್ದಿ ವ್ಯಾನಿಗಿಂತ ವೇಗವಾಗಿ ಓಡಿತ್ತು. ಮೊದಲ ಫೋನ್ ಮೋಹಿನಿಯದು. ರಮಿತಾ ಸ್ಪೀಕರಿಗೆ ಹಾಕಿದಳು.

"ಅತ್ತಿಗೆ! ಗಂಡನನ್ನು ದಾರಿಯಲ್ಲಿ ಬಿಟ್ಟು ಹೋಗುದಾ?"

"ದಾರಿಯಲ್ಲಲ್ಲ ಮೋಹಿನಿ, ಹೋಟೆಲಿನಲ್ಲಿ ಬಿಟ್ಟಿದ್ದೇನೆ. ಅವರಿಗೆ ಅಲ್ಲಿ ಬೇಜಾರಾಗುದಿಲ್ಲ."

ಆಮೇಲೆ ಐರೋಲಿ, ಆಮೇಲೆ ನೆರೂಳು. ಕೊನೆಗೆ ನನ್ನ ಹೆಂಡತಿ: "ನೀವೂ ಅದರಾಗ ಅದೀರಿ? ಗುರುವಣ್ಣಾರ್ನ ಇಳಿಸಿ ನೀವು ಕುಂತೀರಿ?" ಬಾಗಿಲು ಸಿಕ್ಕಿಕೊಂಡ ಕಥೆಯನ್ನು ಅವಳು ಇವತ್ತಿಗೂ ನಂಬಿಲ್ಲ.

ಕರ್ನಾಳದ ಕಾಡಿನ ಅಂಚಿನಲ್ಲಿ ವಿನೋದಕ್ಕ ಗಾಡಿ ನಿಲ್ಲಿಸಿದರು. ಮರಗಳ ಮೇಲೆ ಹೆಬ್ಬೆರಳಿನಂಥ ಕಲ್ಲಿನ ಶಿಖರ ಎದ್ದಿತ್ತು. ಯಾವುದೋ ಹಕ್ಕಿ ಸಿಳ್ಳೆ ಹಾಕುತ್ತಿತ್ತು, ಕಾಣಿಸಲಿಲ್ಲ. ಯಾರೂ ನಮ್ಮನ್ನು ಕಾಯುತ್ತಿರಲಿಲ್ಲ. "ಎಷ್ಟು ಸುಖ ಅಲ್ವ" ಎಂದು ಬಾಟಲಿಯ ನೀರು ಕುಡಿದು ಮತ್ತೆ ಕೀಲಿ ತಿರುಗಿಸಿದರು.

ವಡಖಳದ ತಿರುವಿನಲ್ಲಿ ಗಾಡಿಗಳ ಸಾಲು ಕದಲಲಿಲ್ಲ. ವಿನೋದಕ್ಕ ಗಾಜಿನ ಮೇಲೆ ಕೆಳಗಿಳಿಯುತ್ತಿದ್ದ ಸೂರ್ಯನನ್ನೇ ನೋಡುತ್ತ ಸ್ಟಿಯರಿಂಗಿನ ಮೇಲೆ ಬೆರಳು ಬಡಿದರು. ಅಲಿಬಾಗ ದಾಟಿ ರೇವದಂಡದ ಸೇತುವೆ ಮೇಲೆ ಬಂದಾಗ ನೀರು ಆಗಲೇ ತಾಮ್ರದ ಬಣ್ಣ. ಆಮೇಲೆ ಗುಡ್ಡದ ಏರು, ಇಳಿತ, ಒಂದು ತಿರುವು. ಬಲಗಡೆ, ರಸ್ತೆಗೆ ತಾಗಿಕೊಂಡೇ, ಗಾಳಿಮರಗಳ ಸಾಲಿನಾಚೆ ಕಾಶೀದದ ಕಡಲು ಪೂರಾ ತೆರೆದು ಬಿದ್ದಿತ್ತು. ಸೂರ್ಯ ಇನ್ನೂ ನೀರು ಮುಟ್ಟಿರಲಿಲ್ಲ.

ವಿನೋದಕ್ಕ ಚಪ್ಪಲಿಯನ್ನು ಗಾಡಿಯಲ್ಲೇ ಬಿಟ್ಟು ಮರಳಿನ ಮೇಲೆ ನಡೆದರು. ಸೀರೆಯ ಅಂಚು ನೆನೆಯಿತು, ಎತ್ತಿಕೊಳ್ಳಲಿಲ್ಲ. ರಮಿತಾ ಫೋಟೋ ತೆಗೆಯಲು ಹೋಗಿ, ಏನನ್ನಿಸಿತೋ, ಫೋನ್ ಜೇಬಿಗಿಟ್ಟು ಅಮ್ಮನ ಪಕ್ಕ ನಿಂತಳು.

ಕತ್ತಲಾದ ಮೇಲೆ ಬಾಡಿಗೆ ರಿಕ್ಷಾ ಒಂದು ಬಂದು ನಿಂತಿತು. ಕೆಂಪು ಬಸ್ಸಿನಲ್ಲಿ ಅಲಿಬಾಗದವರೆಗೆ ನಿಂತೇ ಬಂದ ಗುರುವಪ್ಪಣ್ಣ ಇಳಿದರು. ಕೈಯಲ್ಲಿ ಕಳಂಬೋಲಿಯ ಪಾರ್ಸೆಲ್.

"ನನ್ನ ಮರ್ಯಾದೆ ಕಳಂಬೋಲಿಯಲ್ಲಿ ಬಿದ್ದುಹೋಯ್ತು" ಎಂದರು.

"ಇರಲಿ, ವಿಕಾಸ್ ಎತ್ತಿಟ್ಟಿರ್ತಾನೆ. ಬರುವಾಗ ತೆಗೊಳ್ಳುವ" ಎಂದರು ವಿನೋದಕ್ಕ. "ತಿಂಡಿ ಎಂತ ತಂದಿದ್ದೀರಿ?"

"ಕೀಲಿ ಕೊಡು. ನಾಳೆ ನಾನು ಬಿಡ್ತೇನೆ."

"ಕೊಡುದಿಲ್ಲ. ಊರು ಮುಟ್ಟುವವರೆಗೂ ಕೊಡುದಿಲ್ಲ. ನೀವು ಹಿಂದೆ ಕೂತ್ಕೊಳ್ಳಿ, ಲಕ್ಷ್ಮೀಕಾಂತಣ್ಣ ಜಾಗ ಕೊಡ್ತಾರೆ."

ನಾನು ಜಾಗ ಕೊಟ್ಟೆ. ನನ್ನ ಆಕಾರಕ್ಕೆ ಅದು ಸಣ್ಣ ತ್ಯಾಗವಲ್ಲ.

ರತ್ನಾಗಿರಿಯ ಹತ್ತಿರ ಗುರುವಪ್ಪಣ್ಣನ ಸೋದರತ್ತೆಯ ಮಗನ ಹೋಟೆಲು. "ಬರುವುದಿಲ್ಲ" ಎಂದು ಫೋನ್ ಮಾಡಿ ಹೇಳಲು ವಿನೋದಕ್ಕ ಹೇಳಿದ್ದರು. ಗುರುವಪ್ಪಣ್ಣನಿಗೆ ಬಾಯಿ ಬಂದಿರಲಿಲ್ಲ. ಆತ ಬಿಳಿ ಪಂಚೆ ಉಟ್ಟು ರಸ್ತೆಗೇ ಬಂದು ನಿಂತಿದ್ದ. ಗುರುವಪ್ಪಣ್ಣ ದೂರದಿಂದಲೇ ಗುರುತಿಸಿ, ಕಿಟಕಿಯ ಕೆಳಗೆ ಬಗ್ಗಿಬಿಟ್ಟರು. ಅವರ ತಲೆ ನನ್ನ ಮೊಣಕಾಲಿನ ಮೇಲಿತ್ತು. ವಿನೋದಕ್ಕ ಹಾರ್ನ್ ಹೊಡೆದರು, ಕಿಟಕಿಯಿಂದ ಕೈ ಚಾಚಿ ಚೆನ್ನಾಗಿ ಬೀಸಿದರು, ವೇಗ ತಗ್ಗಿಸಲಿಲ್ಲ.

"ನೋಡಿದನಾ?" ಕೆಳಗಿನಿಂದ ದನಿ.

"ನೋಡಿದ್ರು. ನಾನು ಕೈ ಬೀಸಿದೆ, ಅವರೂ ಬೀಸಿದ್ರು."

"ಈಗ ಎಂತ ಮಾಡ್ತಿದ್ದಾನೆ?"

ವಿನೋದಕ್ಕ ಕನ್ನಡಿಯಲ್ಲಿ ನೋಡಿದರು. "ಇನ್ನೂ ಬೀಸ್ತಾ ಇದ್ದಾರೆ."

ಮುಂದಿನ ತಿರುವಿನಲ್ಲಿ ಸಮುದ್ರ ಕಾಣಿಸಿತು. ಅಲ್ಲಿ ಗಾಡಿ ನಿಲ್ಲಿಸಿದರು.