ಇಲಿಯಾಸರಿಗೆ ಉಳಿದ ಎರಡು ಮಾತು

ಬಾಳೂರಿನ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಟೀಚರ್, ಹೆಸರು ಯಶೋದಾ. ಯಶೋದಾ ಟೀಚರ್ ಬಂದರು ಎಂದರೆ ಮಕ್ಕಳು ಈಗಲೂ ವರಾಂಡದ ಆ ತುದಿಗೆ ಸರಿಯುತ್ತಾರೆ. ನನಗೆ ಸಿಟ್ಟು ಬೇಗ ಬರುತ್ತದೆ, ಅದರಲ್ಲೂ ಒಂದು ಪದವನ್ನು ಅದರದಲ್ಲದ ಜಾಗದಲ್ಲಿ ತಂದು ಕೂರಿಸಿದರೆ ಇನ್ನೂ ಬೇಗ. ಇಂಥ ನಾನು ಮೂಡಿಗೆರೆಯಿಂದ ದಿನಾ ಬೆಳಿಗ್ಗೆ ಹೊರನಾಡಿನ ಬಸ್ಸು ಹತ್ತಿ ಶಾಲೆಗೆ ಬರುತ್ತಿದ್ದೆ. ಆ ಬಸ್ಸಿನ ಕಂಡಕ್ಟರ್ ಇಲಿಯಾಸ್. ದಿನಾ ಕಿವಿಗೆ ಬೀಳುತ್ತಿದ್ದ ಅವರ ಇಂಗ್ಲಿಷ್ ಎರಡೇ ಪದದ್ದು. ರೈಟ್. ಹೋಲ್ಡಾನ್.

ನಮ್ಮ ಕಡೆ ಬಸ್ಸು ಹತ್ತಿದ ಯಾರಿಗೂ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ರೈಟ್ ಅಂದರೆ ಹೊರಡು, ಹೋಲ್ಡಾನ್ ಅಂದರೆ ನಿಲ್ಲಿಸು. ಆದರೆ ನನ್ನ ದಪ್ಪ ಡಿಕ್ಷನರಿ ಹಾಗೆ ಹೇಳುವುದಿಲ್ಲ. ರೈಟ್ ಅಂದರೆ ಸರಿ, ಬಲಗಡೆ, ಹಕ್ಕು, ನ್ಯಾಯ, ನೆಟ್ಟಗೆ, ಕೂಡಲೇ ಎಂದು ಒಂದು ಪುಟ ತುಂಬ ಕೊರೆಯುತ್ತದೆ. ಹೋಲ್ಡಾನ್ ಅಂದರೆ ಗಟ್ಟಿಯಾಗಿ ಹಿಡಿದುಕೋ, ಸ್ವಲ್ಪ ತಾಳು, ಫೋನ್ ಇಡಬೇಡ, ಕಷ್ಟದಲ್ಲಿ ಕೈಬಿಡಬೇಡ. ಎರಡರಲ್ಲೂ ಎಲ್ಲಿ ಹುಡುಕಿದರೂ ಬಸ್ಸು ಸಿಗುವುದಿಲ್ಲ. ಒಮ್ಮೆ ಎಂಟನೇ ಕ್ಲಾಸಿನಲ್ಲಿ ರೈಟ್ ಪದದ ಅರ್ಥ ಕೇಳಿದ್ದಕ್ಕೆ ಇಡೀ ಕ್ಲಾಸು ಒಂದೇ ದನಿಯಲ್ಲಿ ‘ಹೊರಡು’ ಎಂದಿತು. ಬೈಯೋಣ ಎಂದು ಬಾಯಿ ತೆರೆದವಳು ಸುಮ್ಮನಾದೆ. ಅರ್ಧ ಮಕ್ಕಳು ನನ್ನ ಜೊತೆ ಅದೇ ಬಸ್ಸಿನಲ್ಲಿ ಬಂದವರಾಗಿದ್ದರು.

ಆಗಿನ ಇಲಿಯಾಸರ ಬಾಯಿ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಮನೆಯಲ್ಲಿ ಬ್ಯಾರಿ ಭಾಷೆ, ನಮ್ಮ ಜೊತೆ ಕನ್ನಡ, ಎಸ್ಟೇಟಿನ ಕೆಲಸದವರ ಜೊತೆ ತುಳು, ತಮಿಳು ಯಾವುದು ಬೇಕೋ ಅದು. ಯಾರ ಮನೆಯ ದನ ಕರು ಹಾಕಿತು, ಯಾವ ಎಸ್ಟೇಟಿನ ರೈಟರ್ ಕೆಲಸ ಬಿಟ್ಟ, ಕೊಟ್ಟಿಗೆಹಾರದಲ್ಲಿ ಮಂಜು ಎಷ್ಟಿದೆ, ಎಲ್ಲ ಸುದ್ದಿಯೂ ಟಿಕೆಟ್ಟಿನ ಜೊತೆ ಪುಕ್ಕಟೆ. ಹೊರನಾಡಿಗೆ ಹೋಗುವ ಬಯಲುಸೀಮೆಯ ಭಕ್ತರು ತಿರುವಿನಲ್ಲಿ ವಾಂತಿ ಮಾಡಿಕೊಂಡರೆ ಅವರಿಗೆ ನಿಂಬೆಹಣ್ಣು ಕೊಟ್ಟು, ಕಿಟಕಿ ಪಕ್ಕ ಜಾಗ ಮಾಡಿಸಿಕೊಟ್ಟು, ಬೇಡವೆಂದರೂ ನಾಲ್ಕು ಮಾತಾಡಿ ಬರುತ್ತಿದ್ದರು. ನನ್ನನ್ನು ಕಂಡರೆ ಒಂದು ಚೇಷ್ಟೆ ಇದ್ದೇ ಇರುತ್ತಿತ್ತು.

“ಟೀಚರೇ, ನಿಮ್ಮ ಇಂಗ್ಲಿಷಿಗೆ ಬಸ್ಸು ನಿಲ್ಲೂದಿಲ್ಲ. ನನ್ನ ಇಂಗ್ಲಿಷಿಗೆ ನಿಲ್ತದೆ, ನೋಡಿ ಬೇಕಾದ್ರೆ.”

ಹೋದ ಮಳೆಗಾಲದಲ್ಲಿ ಒಂದು ದಿನ ಕೊಟ್ಟಿಗೆಹಾರದಲ್ಲಿ ಚಹಾ ಕುಡಿಯುತ್ತಾ ನಿಂತಿದ್ದ ಇಲಿಯಾಸರ ಕೈಯಿಂದ ಲೋಟ ಜಾರಿತು. ಬಲಗೈ, ಬಲಗಾಲು ಎರಡೂ ಬಿದ್ದುಹೋಗಿದ್ದವು. ಅದೇ ಬಸ್ಸಿನ ಡ್ರೈವರ್ ಯಾರದೋ ಜೀಪು ಹತ್ತಿಸಿ ಚಾರ್ಮಾಡಿ ಘಾಟಿ ಇಳಿಸಿ ಮಂಗಳೂರಿಗೆ ಮುಟ್ಟಿಸಿದ. ಜೀವ ಉಳಿಯಿತು. ಮಾತು ಉಳಿಯಲಿಲ್ಲ. ಬ್ಯಾರಿ, ಕನ್ನಡ, ತುಳು, ತಮಿಳು, ಒಂದೂ ಉಳಿಯಲಿಲ್ಲ. ಹೆಂಡತಿ ಮಹಮೂದಾಳ ಹೆಸರು ಕೂಡ ತುಟಿಯವರೆಗೆ ಬಂದು ನಿಲ್ಲುತ್ತಿತ್ತು. ಆಸ್ಪತ್ರೆಯಲ್ಲಿ ಒಂದು ಸಂಜೆ ನರ್ಸ್ ಬಂದು ಹಾಸಿಗೆ ಎತ್ತರಿಸುವಾಗ ಅವರ ಬಾಯಿಂದ ಮೊದಲ ಮಾತು ಹೊರಟಿತು: ಹೋಲ್ಡಾನ್. ಮರುದಿನ ಇನ್ನೊಂದು ಬಂತು, ರೈಟ್. ಮತ್ತೆ ಮೂರನೆಯದು ಬರಲೇ ಇಲ್ಲ. ಬಾಯಿಪಾಠದ ಹಾಗೆ ಬಳಸಿ ಬಳಸಿ ಪಳಗಿದ ಮಾತು ಕೆಲವರಲ್ಲಿ ಹೀಗೆ ಉಳಿದುಬಿಡುತ್ತದೆ, ಬುದ್ಧಿಗೇನೂ ಆಗಿಲ್ಲ, ನೀವು ಆಡುವುದೆಲ್ಲ ಅವರಿಗೆ ತಿಳಿಯುತ್ತದೆ ಎಂದು ಡಾಕ್ಟರು ಮಗಳು ಹುಸ್ನಾಳಿಗೆ ಹೇಳಿದರಂತೆ.

ಹುಸ್ನಾ ನನ್ನ ಹಳೆಯ ವಿದ್ಯಾರ್ಥಿನಿ, ಬಣಕಲ್ಲಿನ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಿದ್ದಳು. ಅವಳು ಬಂದು ಕರೆದ ಮೇಲೂ ಅವರ ಮನೆಗೆ ಹೋಗಲು ನನಗೆ ಧೈರ್ಯ ಸಾಲಲಿಲ್ಲ. ಅಷ್ಟು ಮಾತಾಡುತ್ತಿದ್ದ ಮನುಷ್ಯನ ಮುಂದೆ ಕೂತು ಏನು ಮಾತಾಡುವುದು? ಕೊನೆಗೊಂದು ಭಾನುವಾರ ಹೋದೆ. ಇಲಿಯಾಸ್ ಜಗುಲಿಯ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ನನ್ನನ್ನು ನೋಡಿದ್ದೇ ಮುಖ ಅರಳಿತು, ಎಡಗೈ ಎತ್ತಿ “ರೈಟ್, ರೈಟ್, ರೈಟ್” ಎಂದರು. ಬನ್ನಿ, ಕೂತುಕೊಳ್ಳಿ, ಎಷ್ಟು ದಿನವಾಯ್ತು ಎಂಬುದೆಲ್ಲ ಅದರಲ್ಲಿತ್ತು. ನನಗೆ ಅಳು ಬಂತು. ಅದನ್ನು ಕಂಡು ಅವರು ತಲೆಯಾಡಿಸಿ ಮೆತ್ತಗೆ “ಹೋಲ್ಡಾನ್” ಎಂದರು. ಅಳಬೇಡಿ ಎಂದು ಇಷ್ಟು ಚೆನ್ನಾಗಿ ನನಗೆ ಯಾರೂ ಹೇಳಿರಲಿಲ್ಲ.

ಮೊದಮೊದಲು ಆ ಎರಡೂ ಅದಲುಬದಲಾಗುತ್ತಿದ್ದವಂತೆ. ಗಂಜಿ ಸಾಕು ಎನ್ನಲು ಹೋಗಿ ರೈಟ್ ಎನ್ನುವುದು, ಮಹಮೂದಾ ಇನ್ನೊಂದು ಸೌಟು ಹಾಕುವುದು, ಅವರು ಸಿಟ್ಟಿನಿಂದ ತಟ್ಟೆ ತಳ್ಳುವುದು. ಮಹಮೂದಾ ಶಾಲೆಗೆ ಹೋದವಳಲ್ಲ. ಅವಳು ಪದ ಕೇಳುವುದನ್ನೇ ಬಿಟ್ಟಳು. ದನಿ ಕೇಳಲು ಶುರು ಮಾಡಿದಳು. ಸೊಳ್ಳೆಪರದೆ ಕಟ್ಟು ಎಂಬ ಹೋಲ್ಡಾನ್ ಬೇರೆ, ಭುಜ ನೋಯುತ್ತಿದೆ ಎಂಬ ಹೋಲ್ಡಾನ್ ಬೇರೆ, ನೀನೂ ಬಂದು ಸ್ವಲ್ಪ ಕೂತುಕೋ ಎಂಬುದು ಬೇರೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಇವಳು ಒಲೆಯ ಮುಂದಿನಿಂದ ಬ್ಯಾರಿಯಲ್ಲಿ ಉದ್ದಕ್ಕೆ ಏನೋ ಕೇಳುವಳು, ಅತ್ತಲಿಂದ ರೈಟ್ ಬರುವುದು, ಇವಳು ನಗುವಳು, ಮತ್ತೆ ಕೇಳುವಳು, ಅತ್ತಲಿಂದ ಹೋಲ್ಡಾನ್. ಗಂಡ ಹೆಂಡತಿ ಮಗಳ ಮದುವೆಯ ಒಡವೆಯ ವಿಷಯ ಮಾತಾಡಿ ಮುಗಿಸಿದರೆಂದು ಹುಸ್ನಾ ಆಮೇಲೆ ಹೇಳಿದಳು. ನಾನು ಬೆಪ್ಪಾಗಿ ನಿಂತಿದ್ದೆ.

ಅಲ್ಲಿಂದ ಮುಂದೆ ಸಂಜೆ ಶಾಲೆ ಮುಗಿಸಿ ಆಗಾಗ ಹೋಗತೊಡಗಿದೆ. ನನಗೊಂದು ಹುಚ್ಚು ಹಿಡಿದಿತ್ತು, ಎರಡರಲ್ಲಿ ಯಾವುದು ದೊಡ್ಡ ಪದ ಎಂದು ತೂಗಿ ನೋಡುವ ಹುಚ್ಚು. ಡಿಕ್ಷನರಿಯ ಲೆಕ್ಕದಲ್ಲಿ ರೈಟ್ ಬಹಳ ಮುಂದಿದೆ. ಇಲಿಯಾಸರ ಬಾಯಲ್ಲೂ ಅದು ಸಲೀಸು: ಹೌದು, ಚೆನ್ನಾಗಿದೆ, ಹೋಗಿ ಬನ್ನಿ, ದೇವರು ದೊಡ್ಡವನು, ಎಲ್ಲಕ್ಕೂ ರೈಟ್. ಹೋಲ್ಡಾನ್ ಬರುವುದು ಕಡಿಮೆ. ಆದರೆ ಅದು ಬಂದಾಗ ಮನೆಯವರೆಲ್ಲ ಕೈಯ ಕೆಲಸ ಬಿಟ್ಟು ತಿರುಗಿ ನೋಡುತ್ತಿದ್ದರು. ಒಪ್ಪಿಗೆಗೆ ಒಂದು ಪದ ಬೇಕು ನಿಜ. ಆದರೆ ಇಲ್ಲ ಎನ್ನಲು ಬರದವನ ಹೌದಿಗೆ ಏನು ಬೆಲೆ? ಇದು ನನ್ನ ತಲೆಯಲ್ಲಿ ಹೊಳೆದ ದಿನ ಮನೆಗೆ ಹೋಗಿ ಡಿಕ್ಷನರಿ ತೆಗೆಯಲು ಮನಸ್ಸಾಗಲಿಲ್ಲ.

ಹುಸ್ನಾಳ ಮದುವೆ ಮಾತು ಆ ಮೊದಲೇ ಆಗಿತ್ತು. ಹುಡುಗ ಫಯಾಜ್, ಕಳಸದಲ್ಲಿ ಜೀಪು ರಿಪೇರಿಯ ಗ್ಯಾರೇಜು ಇಟ್ಟವನು, ಒಳ್ಳೆಯವನು, ಅವಳಿಗೂ ಇಷ್ಟವಾದವನು. ಅಪ್ಪ ಮಲಗಿದ ಮೇಲೆ ಓಡಾಟವೆಲ್ಲ ಅಪ್ಪನ ತಮ್ಮ ಮುಜಮ್ಮಿಲ್‌ನದು. ಅವನು ಸ್ವಂತ ಮಗಳ ಮದುವೆಯಂತೆ ದುಡಿದ, ಅದರಲ್ಲಿ ಎರಡು ಮಾತಿಲ್ಲ. ತೊಡಕು ಬಂದದ್ದು ನಿಕಾಹ್‌ನ ವಿಷಯದಲ್ಲಿ. ಅವರಲ್ಲಿ ಹುಡುಗಿಯ ತಂದೆ ತಾನೇ ಅಳಿಯನ ಕೈ ಹಿಡಿದು ಕೊಡುವ ಮಾತು ಆಡಬೇಕು, ಇಲ್ಲವೇ ನನ್ನ ಪರವಾಗಿ ನೀವು ನಡೆಸಿ ಎಂದು ಮಸೀದಿಯ ಖತೀಬರಿಗೆ ಒಪ್ಪಿಗೆ ಕೊಡಬೇಕು. ಅಣ್ಣನಿಗೆ ಮಾತಿಲ್ಲ, ಅವನ ಜಾಗದಲ್ಲಿ ನಾನು ನಿಲ್ಲುತ್ತೇನೆ ಎಂದ ಮುಜಮ್ಮಿಲ್. ಅದನ್ನು ಕೇಳಿ ಇಲಿಯಾಸ್ ಗೋಡೆಯ ಕಡೆ ಮುಖ ಮಾಡಿದವರು ಆ ದಿನ ಊಟ ಮುಟ್ಟಲಿಲ್ಲ. ಬಾಪ ಬದುಕಿರುವಾಗ ಇನ್ನೊಬ್ಬರು ನನ್ನನ್ನು ಕೊಡುವುದಾದರೆ ನನಗೆ ಮದುವೆಯೇ ಬೇಡ ಎಂದು ಹುಸ್ನಾ ಹಟ ಹಿಡಿದಳು.

ಖತೀಬರು ತಿಳಿದವರು. ಮನೆಗೆ ಬಂದು ಇಲಿಯಾಸರ ಪಕ್ಕ ಕೂತು, ಅದೂ ಇದೂ ಕೇಳಿ, ಉತ್ತರ ನೋಡಿದರು. ಮಾತೇ ಆಗಬೇಕೆಂದಿಲ್ಲ, ಮನಸ್ಸು ಎಲ್ಲರಿಗೂ ತಿಳಿಯುವಂತಿದ್ದರೆ ಆಯಿತು, ತಂದೆಯೇ ಒಪ್ಪಿಗೆ ಕೊಡಲಿ ಎಂದರು. ಮುಜಮ್ಮಿಲ್‌ಗೆ ಆಗಲೂ ಸಮಾಧಾನವಿಲ್ಲ. ಬಾಯಲ್ಲಿರುವುದು ಎರಡೇ ಪದ, ಅಷ್ಟು ಜನರ ಮುಂದೆ ಗಾಬರಿಗೆ ಅದು ಬಿಟ್ಟು ಇದು ಬಂದರೆ ಗತಿಯೇನು ಎಂದು ಸಿಕ್ಕವರ ಬಳಿಯೆಲ್ಲ ಹೇಳಿಕೊಂಡ. ಹಾಗೇನಾದರೂ ಆದರೆ ಇಲಿಯಾಸರನ್ನು ಇನ್ನು ಯಾರೂ ಲೆಕ್ಕಕ್ಕಿಟ್ಟು ಮಾತಾಡಿಸುವುದಿಲ್ಲ ಎಂಬ ಹೆದರಿಕೆ ನನಗೂ ಇತ್ತು. ಹುಸ್ನಾಳ ಚಿಂತೆಯೇ ಬೇರೆ. “ನಾನು ಕಳಸಕ್ಕೆ ಹೋದ್ರೆ ಬಾಪನ ಮಾತು ಉಮ್ಮನೊಬ್ಬಳಿಗೆ ಬಿಟ್ಟು ಯಾರಿಗೆ ತಿಳೀತದೆ ಟೀಚರ್?” ಎಂದು ನನ್ನ ಹತ್ತಿರ ಒಮ್ಮೆ ಕೇಳಿದ್ದಳು.

ಮದುವೆಯ ದಿನ ಪಕ್ಕದ ತೋಟದ ಲಿಂಗಪ್ಪನವರು ಕಾಫಿ ಒಣಗಿಸುವ ಕಣ ಬಿಟ್ಟುಕೊಟ್ಟಿದ್ದರು. ಕೊಯ್ಲು ಮುಗಿದು ಕಣ ಖಾಲಿಯಾಗಿತ್ತು. ಹಿಂದಿನ ವಾರ ಒಳ್ಳೆ ಹೂಮಳೆ ಬಿದ್ದು ಗಿಡಗಳೆಲ್ಲ ಬೆಳ್ಳಗೆ ಬಿರಿದಿದ್ದವು, ಆ ವಾಸನೆಯ ಮುಂದೆ ಬಿರಿಯಾನಿಯ ವಾಸನೆ ಕೂಡ ಸೋತಿತ್ತು. ಕಣದಲ್ಲಿ ಶಾಮಿಯಾನದ ಕೆಳಗೆ ಗಂಡಸರು, ಮನೆಯೊಳಗೆ ಹೆಂಗಸರು. ನಾನು ಹುಸ್ನಾ ಕೂತಿದ್ದ ಕೋಣೆಯಲ್ಲಿದ್ದೆ. ಕಣದ ಮೈಕಿನಿಂದ ಎಲ್ಲವೂ ಕೇಳಿಸುತ್ತಿತ್ತು.

ಖತೀಬರು ಖುತ್ಬಾದ ಪ್ರವಚನ ಮುಗಿಸಿದರು. ಆಮೇಲೆ ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವಂತೆ ನಿಧಾನವಾಗಿ, ನಿಮ್ಮ ಮಗಳನ್ನು ಈ ಫಯಾಜ್‌ಗೆ ನಿಕಾಹ್ ಮಾಡಿಕೊಡಲು ನನಗೆ ಒಪ್ಪಿಗೆ ಕೊಡುತ್ತೀರಾ ಎಂದು ಇಲಿಯಾಸರನ್ನು ಕೇಳಿದರು. ಹುಸ್ನಾ ನನ್ನ ಕೈ ಹಿಡಿದುಕೊಂಡಳು.

“ಹೋಲ್ಡಾನ್.”

ಮೈಕು ಅದನ್ನು ತೋಟದ ಆಚೆಗೂ ಮುಟ್ಟಿಸಿತು. ಮುಜಮ್ಮಿಲ್‌ನ ದನಿ ಕೇಳಿಸಿತು: ತಪ್ಪಿ ಬಂದದ್ದು, ಅವರ ಅರ್ಥ ರೈಟ್ ಅಂತಲೇ, ನೀವು ಮುಂದುವರಿಸಿ. ಖತೀಬರು ಮುಂದುವರಿಸಲಿಲ್ಲ. ಅಷ್ಟರಲ್ಲಿ ಮಹಮೂದಾ ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲಿಗೆ ಹೋಗಿ ನಿಂತಿದ್ದಳು. ಅವಳು ಜೋರಾಗಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

“ಅದು ತಪ್ಪಿ ಬಂದದ್ದಲ್ಲ. ಅವ್ರಿಗೆ ಮಗಳನ್ನ ನೋಡ್ಬೇಕು. ಒಳಗೆ ಕರ್ಕೊಂಡು ಬನ್ನಿ.”

ಅವರನ್ನು ಕರೆತಂದರು. ಹೆಂಗಸರು ಬದಿಗೆ ಸರಿದು ದಾರಿ ಬಿಟ್ಟರು. ಬಿಳಿ ಅಂಗಿ, ಬಿಳಿ ಟೋಪಿ, ಕಾಲೆಳೆದುಕೊಂಡು ಬಂದು ಮಗಳ ಮುಂದೆ ನಿಂತರು. ನನಗೆ ಆಗ ಹೊಳೆಯಿತು. ಮದುವೆ ಇಷ್ಟವೇ ಎಂದು ಹುಸ್ನಾಳನ್ನು ಎಲ್ಲರೂ ಕೇಳಿದ್ದರು. ಚಿಕ್ಕಪ್ಪ ಕೇಳಿದ್ದ, ಉಮ್ಮ ಕೇಳಿದ್ದಳು, ಖತೀಬರು ಕಳಿಸಿದವರು ಕೇಳಿದ್ದರು, ನಾನೂ ಕೇಳಿದ್ದೆ. ಕೇಳಲು ಮಾತಿಲ್ಲದ ಅಪ್ಪ ಒಬ್ಬರೇ ಕೇಳಿರಲಿಲ್ಲ. ಇಲಿಯಾಸ್ ಎಡಗೈಯನ್ನು ಅವಳ ತಲೆಯ ಮೇಲಿಟ್ಟರು.

“ರೈಟ್?”

ಆ ಪದಕ್ಕೆ ಡಿಕ್ಷನರಿ ಕೊಡುವ ಅರ್ಥಗಳನ್ನೆಲ್ಲ ನಾನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದುಕೊಟ್ಟಿದ್ದೇನೆ. ಅದರೊಳಗೆ ಇಷ್ಟು ಜಾಗವಿದೆ ಎಂದು ನನಗೆ ಗೊತ್ತಿರಲಿಲ್ಲ. ನಿನಗೆ ಖುಷಿಯೇ, ಅವನು ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆಯೇ, ನಾನು ಹೀಗಾದೆನೆಂದು ಅವಸರಪಟ್ಟು ಒಪ್ಪಲಿಲ್ಲ ತಾನೇ, ಬೇಡವಾದರೆ ಈಗಲೂ ಹೇಳು, ಹೊರಗೆ ಎಷ್ಟು ಜನ ಬೇಕಾದರೂ ಇರಲಿ. ಎಲ್ಲವನ್ನೂ ಕೇಳಿದರು, ನಾವು ಅಷ್ಟೂ ಜನ ಕೇಳಿಸಿಕೊಂಡೆವು.

ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದ ಹುಡುಗಿ ತಲೆಯೆತ್ತಿ ಅಪ್ಪನನ್ನು ನೋಡಿದಳು. ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಮತ್ತೆ ಪ್ರಯತ್ನಿಸಿದಳು.

“ಹೋಲ್ಡಾನ್, ಬಾಪ.”

ಅಷ್ಟು ಹೇಳಿ ಅವರ ಹೊಟ್ಟೆಗೆ ಮುಖ ಒತ್ತಿ ಅತ್ತುಬಿಟ್ಟಳು. ಇಲಿಯಾಸ್ ಮಂಚದ ಅಂಚು ಹಿಡಿದು ಮೆಲ್ಲಗೆ ಅವಳ ಪಕ್ಕ ಕೂತರು. ಹೊರಗೆ ಖತೀಬರು, ಮದುಮಗ, ಕಳಸದಿಂದ ಬಂದ ಬೀಗರು ಕಾಯುತ್ತಿದ್ದರು. ಮುಜಮ್ಮಿಲ್ ಬಾಗಿಲಿಗೆ ಬಂದು ಇಣುಕಿದ. ಇಲಿಯಾಸ್ ತಿರುಗಿ ಕೂಡ ನೋಡದೆ ಎಡಗೈ ಎತ್ತಿದರು, ಅವನು ಅಲ್ಲೇ ನಿಂತ. ಬೀಗರ ಕಡೆಯ ಹೆಂಗಸೊಬ್ಬಳು ಏನೋ ಪಿಸುಗುಟ್ಟಲು ಹೊರಟಳು. ನಾನು ಕ್ಲಾಸಿನಲ್ಲಿ ನೋಡುವ ಹಾಗೆ ಒಮ್ಮೆ ನೋಡಿದೆ, ಸುಮ್ಮನಾದಳು. ಮಗಳು ಅಳುವಷ್ಟು ಹೊತ್ತೂ ಆ ಮನುಷ್ಯ ಇಡೀ ಮದುವೆಯನ್ನು ನಿಲ್ಲಿಸಿಕೊಂಡು ಕೂತಿದ್ದರು.

ಅಳು ತಾನಾಗಿಯೇ ನಿಂತಿತು. ಹುಸ್ನಾ ಸೆರಗಿನಿಂದ ಮುಖ ಒರೆಸಿಕೊಂಡಳು, ಮೂಗು ಒರೆಸಿಕೊಂಡಳು, ಅಪ್ಪನ ಓರೆಯಾಗಿದ್ದ ಟೋಪಿಯನ್ನು ಸರಿಮಾಡಿದಳು.

“ರೈಟ್,” ಎಂದಳು.

ಅವರಿಗೆ ಒಬ್ಬರೇ ಏಳಲಾಗಲಿಲ್ಲ. ಸ್ವಾಧೀನವಿಲ್ಲದ ಆ ಬಲಗೈಯನ್ನು ತನ್ನ ಹೆಗಲಿಗೇರಿಸಿಕೊಂಡು ಅವಳೇ ಎಬ್ಬಿಸಿದಳು, ಮದುಮಗಳ ಸೀರೆಯಲ್ಲೇ ಹೊಸಿಲಿನವರೆಗೆ ನಡೆಸಿಕೊಂಡು ಹೋದಳು. ಅಲ್ಲಿಂದ ಮುಂದೆ ಮುಜಮ್ಮಿಲ್ ಹಿಡಿದುಕೊಂಡ. ಅವನ ಕಣ್ಣೂ ಒದ್ದೆಯಾಗಿತ್ತು. ಮೈಕಿನಲ್ಲಿ ಖತೀಬರು ಅದೇ ಪ್ರಶ್ನೆಯನ್ನು ಮೊದಲಿನಷ್ಟೇ ನಿಧಾನವಾಗಿ ಇನ್ನೊಮ್ಮೆ ಕೇಳಿದರು. ಇಲಿಯಾಸ್ ಉತ್ತರ ಕೊಟ್ಟರು, ಹುಸ್ನಾಳ ಮದುವೆಯಾಯಿತು.