ಹಂಪ್ ಬರುವವರೆಗೆ ಎಮ್ಮೆ

ನಮ್ಮ ವಾರ್ಡಿನ ನಗರಸಭೆ ಸದಸ್ಯರು ಸ್ಕೂಟರ್ ನಿಲ್ಲಿಸಿ, ನಮ್ಮ ಬೀದಿಯ ನರಸಮ್ಮನವರ ರಸ್ತೆಗೆ ಅಡ್ಡ ಮಲಗಿದ್ದ ಎಮ್ಮೆಯನ್ನು ತಲೆಯಿಂದ ಬಾಲದವರೆಗೂ ನೋಡಿದರು. ಅಷ್ಟು ಹಾರ್ನ್ ಹೊಡೆದರೂ ಅದು ಕಿವಿ ಕೂಡ ಅಲ್ಲಾಡಿಸಿರಲಿಲ್ಲ.

ಅವರು ಬಂದಿದ್ದು ಹಂಪ್‌ಗೆ ಜಾಗ ಗೊತ್ತು ಮಾಡಲು. ಚಿಂತಾಮಣಿ ಮಾರ್ಕೆಟ್ಟಿಗೆ ಹೋಗುವ ಟೊಮೆಟೊ ಗಾಡಿಗಳು ನಮ್ಮ ಬೀದಿಯಲ್ಲಿ ನುಗ್ಗುವ ವೇಗಕ್ಕೆ ಮಕ್ಕಳನ್ನು ಸ್ಕೂಲಿಗೆ ಕಳಿಸಲು ಭಯ. ಹಂಪ್ ಎಲ್ಲರಿಗೂ ಬೇಕು, ಆದರೆ ಪಕ್ಕದ ಮನೆ ಎದುರು. ಬಾಗಿಲ ಮುಂದೆ ದಿಬ್ಬ ಬಂದರೆ ವಾಸ್ತುದೋಷವಂತೆ. ಹಾಗಾಗಿ ನಗರಸಭೆಯಲ್ಲಿ ವಿಷಯ ಪ್ರತಿ ಸಲವೂ ಮುಂದಕ್ಕೆ ಹೋಗುತ್ತಿತ್ತು.

ಸದಸ್ಯರ ಮುಖ ಅರಳಿತು. “ಇದನ್ನ ಕಂಡ್ರೆ ಎಲ್ಲರೂ ಸ್ಲೋ ಮಾಡ್ತಾರಲ್ಲ. ಮುಂದಿನ ಮೀಟಿಂಗ್‌ವರೆಗೂ ಎಬ್ಬಿಸಬೇಡಮ್ಮ” ಅಂದರು.

ಸಗಣಿ ಬಾಚುತ್ತಿದ್ದ ನರಸಮ್ಮ ತಲೆ ಎತ್ತಿ, “ಅಲ್ಲಿಗಂಟ ಬೂಸಾ ಯಾರು ಹಾಕ್ತಾರೆ ನಾಯ್ನಾ, ನಗರಸಭೆಯೋರಾ?” ಎಂದರು.

ಅದನ್ನೂ ಮೀಟಿಂಗಲ್ಲಿ ಇಡುವುದಾಗಿ ಹೇಳಿ ಸದಸ್ಯರು ಎಮ್ಮೆಯನ್ನು ಸುತ್ತಿ ಬಳಸಿ ಮುಂದೆ ಹೋದರು.

ಹಂಪ್ ಇನ್ನೂ ಬಂದಿಲ್ಲ. ಎಮ್ಮೆ ಮಾತ್ರ ಒಂದು ದಿನವೂ ರಜೆ ಹಾಕಿಲ್ಲ. ಮೊದಲು ಕೋಲು ಹಿಡಿದು ಅದನ್ನು ಓಡಿಸುತ್ತಿದ್ದ ನಾನೇ ಈಗ ಬೆಳಿಗ್ಗೆ ಎದ್ದು ತರಕಾರಿ ಸಿಪ್ಪೆ ಹಾಕಿ ಬರುತ್ತೇನೆ, ಪಕ್ಕದ ಮನೆ ಬಾಗಿಲ ಎದುರಿಗೆ.